ಬೊಗೊಟಾದ ಅಗ್ಗದ ದಿನಕ್ಕೆ ದುಡ್ಡು ಕಟ್ಟಿದವರು ಯಾರು?

ದಕ್ಷಿಣ ಅಮೆರಿಕದ ಊರುಗಳನ್ನು ಕಡಿಮೆ ಖರ್ಚಿನಲ್ಲಿ ಸುತ್ತುವುದು ಹೇಗೆಂದು ಹೇಳಿಕೊಡುವ ಬರಹಗಳಿಗೆ ಲೆಕ್ಕವಿಲ್ಲ. ಡಾರ್ಮಿಟರಿಯ ಹಾಸಿಗೆಗೆ ಎಷ್ಟು, ಊಟಕ್ಕೆ ಎಷ್ಟು, ಬಸ್ಸಿಗೆ ಎಷ್ಟು ಎಂಬ ವಿವರವೆಲ್ಲ ಅವುಗಳಲ್ಲಿ ಸಿಗುತ್ತದೆ. ಆ ದಿನ ಅಷ್ಟು ಅಗ್ಗವಾದದ್ದು ಯಾರ ದೆಸೆಯಿಂದ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೊಲಂಬಿಯಾದ ರಾಜಧಾನಿ ಬೊಗೊಟಾವನ್ನು ನೋಡಿದರೆ ಉತ್ತರಕ್ಕೆ ಹುಡುಕಾಡಬೇಕಿಲ್ಲ. ಬೆನ್ನಿಗೆ ಚೀಲ ಏರಿಸಿ ಬಂದ ಪರವೂರಿನವರು ಅಲ್ಲಿ ಕೈ ಬಿಗಿಹಿಡಿದೂ ಒಳ್ಳೆಯ ದಿನ ಕಳೆಯಬಹುದಾದರೆ, ಅದು ಆ ನಗರ ತನ್ನ ಜನರಿಗಾಗಿ ಮಾಡಿಕೊಂಡ ಸಾರ್ವಜನಿಕ ಏರ್ಪಾಡುಗಳ ಪುಣ್ಯ. ಪ್ರವಾಸಿಯ ಜಾಣತನಕ್ಕೆ ಅದರಲ್ಲಿ ಪಾಲು ಕಡಿಮೆ.

ಭಾನುವಾರವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನಗರದ 120 ಕಿ.ಮೀ.ಗೂ ಹೆಚ್ಚು ರಸ್ತೆಗೆ ಕಾರು, ಬೈಕು ಬರುವಂತಿಲ್ಲ. ‘ಸಿಕ್ಲೊವಿಯಾ’ ಎಂಬ ಈ ಪದ್ಧತಿ ಶುರುವಾದದ್ದು 1974ರಲ್ಲಿ, ಕಾರುಗಳ ದರ್ಬಾರನ್ನು ವಿರೋಧಿಸಿ ಸೈಕಲ್ ಸವಾರರು ಬೀದಿಗಿಳಿದಾಗ. ಇವತ್ತು ಅದೇ ರಸ್ತೆಗಳಲ್ಲಿ ಅಜ್ಜಿಯರು ಮೊಮ್ಮಕ್ಕಳ ಕೈಹಿಡಿದು ನಡೆಯುತ್ತಾರೆ, ಪಂಕ್ಚರ್ ಹಾಕುವವರು ಬದಿಯಲ್ಲಿ ಪಂಪು ಇಟ್ಟುಕೊಂಡು ಕೂರುತ್ತಾರೆ, ಹೆಚ್ಚಿದ ಮಾವು, ಅನಾನಸ್ ಲೋಟದಲ್ಲಿ ಮಾರಾಟವಾಗುತ್ತದೆ. ಹಳೆಯ ಪೇಟೆ ಲಾ ಕ್ಯಾಂಡೆಲಾರಿಯಾದಲ್ಲಿರುವ ಬೊಟೆರೊ ಮ್ಯೂಸಿಯಂಗೆ ಯಾವ ದಿನ ಹೋದರೂ ಪ್ರವೇಶಧನವಿಲ್ಲ. ಕಲಾವಿದ ಫರ್ನಾಂಡೊ ಬೊಟೆರೊ 2000ದಲ್ಲಿ ಕೊಟ್ಟ 208 ಕೃತಿಗಳು ಅಲ್ಲಿವೆ. 123 ಅವರವೇ, ಉಳಿದ 85 ಪಿಕಾಸೊ, ಮೊನೆ, ಡಾಲಿ ಮುಂತಾದವರವು. ಅದನ್ನು ನಡೆಸುವ ಕೊಲಂಬಿಯಾದ ಕೇಂದ್ರ ಬ್ಯಾಂಕೇ ಚಿನ್ನದ ಮ್ಯೂಸಿಯಂ ಅನ್ನೂ ನಡೆಸುತ್ತದೆ, ಭಾನುವಾರ ಅದಕ್ಕೂ ಟಿಕೆಟ್ ಇಲ್ಲ. ಅಲ್ಲಿನ ಮೂಲನಿವಾಸಿ ಮುಯಿಸ್ಕಾ ಜನರ ತೆಪ್ಪ ಗೇಣುದ್ದವೂ ಇರದ ಚಿನ್ನದ ಕೆಲಸ. ನಡುವೆ ದೊಡ್ಡದಾಗಿ ನಾಯಕ, ಸುತ್ತ ಪುಟ್ಟ ಪುಟ್ಟ ಪರಿವಾರ. ಸ್ಪೇನಿನವರಿಗೆ ಹುಚ್ಚು ಹಿಡಿಸಿದ ಎಲ್ ಡೊರಾಡೊ ಎಂಬ ಚಿನ್ನದ ನಾಡಿನ ಕಥೆಯ ಮೂಲದಲ್ಲಿರುವುದು ಈ ತೆಪ್ಪ ತೋರಿಸುವ ಆಚರಣೆಯೇ ಎನ್ನುತ್ತಾರೆ. ಯಾವುದೋ ಲೂಟಿಯ ಹಡಗಿನಲ್ಲಿ ಕರಗಿಹೋಗಬಹುದಾಗಿದ್ದ ವಸ್ತು 1969ರಲ್ಲಿ ಒಂದು ಗುಹೆಯಲ್ಲಿ ಸಿಕ್ಕಿ, ಇವತ್ತು ಶಾಲಾಮಕ್ಕಳ ಕಣ್ಣೆದುರು ಇದೆ.

ನಗರದ ದಕ್ಷಿಣಕ್ಕೆ ಸಿಯುದಾದ್ ಬೊಲಿವಾರ್ ಬೆಟ್ಟವಿದೆ. ಹಳ್ಳಿಗಳ ಹಿಂಸೆಗೆ ಹೆದರಿ ಓಡಿಬಂದ ಎಷ್ಟೋ ಕುಟುಂಬಗಳು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ತಾವೇ ಕಟ್ಟಿಕೊಂಡ ಬಡಾವಣೆಗಳು ಅಲ್ಲಿವೆ. ಡಿಸೆಂಬರ್ 2018ರಲ್ಲಿ ಅಲ್ಲಿಗೆ ಸುಮಾರು 3.3 ಕಿ.ಮೀ. ಕೇಬಲ್ ಕಾರ್ ಬಂತು. ಬಸ್ಸಿನಲ್ಲಿ ಸುಮಾರು ಒಂದು ಗಂಟೆ ಹಿಡಿಯುತ್ತಿದ್ದ ದಾರಿ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಪ್ರವಾಸಿಗೆ ಅದು ನಗರವನ್ನು ಮೇಲಿನಿಂದ ನೋಡುವ ಅಗ್ಗದ ಸವಾರಿ. ಮನೆಗೆಲಸ ಮುಗಿಸಿ ಮನೆಗೆ ಮರಳುವ ಹೆಂಗಸಿಗೆ ಅದು ಮಕ್ಕಳ ಜೊತೆ ಕಳೆಯಲು ಸಿಕ್ಕ ಹೆಚ್ಚಿನ ಹೊತ್ತು. ಅವಳಿಗಾಗಿ ಕಟ್ಟಿದ್ದರಿಂದಲೇ ಅದು ಇವನಿಗೂ ಒದಗಿತು.

ಇದನ್ನು ಒಪ್ಪದವರು ಹೇಳುವುದು ಇಷ್ಟು: ಅಲ್ಲಿ ಎಲ್ಲವೂ ಅಗ್ಗವಾಗಿರುವುದು ಕೂಲಿ ಕಡಿಮೆ, ಪೆಸೊ ದುರ್ಬಲ ಎಂಬ ಕಾರಣಕ್ಕೆ. ಊಟದ ಮಟ್ಟಿಗೆ ಇದು ನಿಜ. ಕೆಲಸಗಾರರು ಮಧ್ಯಾಹ್ನ ಉಣ್ಣುವ ‘ಕೊರಿಯೆಂತಾಸೊ’ದಲ್ಲಿ ಸೂಪು, ಅನ್ನ, ಬೀನ್ಸ್ ಅಥವಾ ಬೇಳೆ, ಕರಿದ ಬಾಳೆ, ಮಾಂಸದ ತುಂಡು, ಹಣ್ಣಿನ ರಸ ಎಲ್ಲ ಸೇರಿ ಒಂದೇ ದರ (ಮಾಂಸ ಬೇಡವೆಂದರೂ ಹೊಟ್ಟೆ ತುಂಬುತ್ತದೆ). ಆ ದರದ ಹಿಂದೆ ಅಡುಗೆಯವಳ ತೆಳು ಸಂಬಳವಿದೆ. ಕೊಲಂಬಿಯಾ ತೀರಾ ಅಸಮಾನತೆಯ ದೇಶಗಳಲ್ಲೊಂದು. ಆದರೆ ಕಡಿಮೆ ಕೂಲಿ ಎಂದಿಗೂ ರಸ್ತೆಯನ್ನು ಕಾರುಗಳಿಂದ ಬಿಡಿಸಿಕೊಡದು, ಮ್ಯೂಸಿಯಂ ಬಾಗಿಲು ತೆರೆಯದು. ಕೂಲಿ ಅಗ್ಗವಾಗಿದ್ದೂ ನಡೆಯಲು ಫುಟ್‌ಪಾತ್ ಇಲ್ಲದ ನಗರಗಳನ್ನು ನಾವು ಬಲ್ಲೆವು.

ಹೊರಗಿನವರಿಂದ ಹೆಚ್ಚು ವಸೂಲು ಮಾಡಬಹುದಲ್ಲ ಎಂಬುದು ಇನ್ನೊಂದು ವಾದ. ಹಂಪಿಯಲ್ಲಿ ನಾವು ಮಾಡುವುದೂ ಅದನ್ನೇ. ಭಾರತೀಯರಿಗೆ 40 ರೂಪಾಯಿಯ ಟಿಕೆಟ್ ವಿದೇಶಿಯರಿಗೆ 600 ರೂಪಾಯಿ. ಸ್ಮಾರಕಗಳನ್ನು ಕಾಪಾಡಲು ಹಣ ಬೇಕು, ಉಳ್ಳವರು ಹೆಚ್ಚು ಕೊಡಲಿ ಎಂಬುದರಲ್ಲಿ ನ್ಯಾಯವಿದೆ. ಆದರೂ ಬಾಗಿಲಲ್ಲಿ ಗುರುತಿನ ಚೀಟಿ ಕೇಳಲು ಶುರುಮಾಡಿದೊಡನೆ ಮೊದಲು ಹಿಂಜರಿಯುವವನು ವಿದೇಶಿಯಲ್ಲ, ಮಾಸಿದ ಬಟ್ಟೆಯ ಊರಿನವನೇ. ಯಾರನ್ನೂ ಏನನ್ನೂ ಕೇಳದ ಬೊಗೊಟಾದ ಬಾಗಿಲು ಅವನಿಗೆ ಕೊಡುವ ಮರ್ಯಾದೆ ದೊಡ್ಡದು. ಅದಕ್ಕೆ ಹೋಲಿಸಿದರೆ, ಪುಕ್ಕಟೆ ಒಳಹೊಕ್ಕ ಕೆಲವು ಪ್ರವಾಸಿಗಳಿಂದಾಗುವ ನಷ್ಟ ಸಣ್ಣದು. ಇನ್ನು ಸುರಕ್ಷತೆ. ಬಸ್ಸಿನ ನೂಕುನುಗ್ಗಲಲ್ಲಿ ಜೇಬುಗಳ್ಳರಿದ್ದಾರೆ, ಕತ್ತಲಾದ ಮೇಲೆ ಖಾಲಿ ಗಲ್ಲಿಗಳಲ್ಲಿ ಒಂಟಿಯಾಗಿ ತಿರುಗಬಾರದು. ಆದರೆ ಜನ ತುಂಬಿದ ಬೀದಿಯಷ್ಟು ಒಳ್ಳೆಯ ಕಾವಲು ಬೇರೆ ಯಾವುದಿದೆ? ಭಾನುವಾರದ ಬೊಗೊಟಾ ಒದಗಿಸುವುದು ಅದನ್ನೇ.

ಹೀಗೆ ಬೇರೆಯವರ ತೆರಿಗೆಯಲ್ಲಿ ದಿನ ಕಳೆದವರಿಗೆ ಒಂದಿಷ್ಟು ಹೊಣೆಯೂ ಇದೆ. ಬೊಗೊಟಾಕ್ಕೆ ಹೋಗುವ ಕನ್ನಡಿಗರು ಒಂದು ಭಾನುವಾರ ಸಿಗುವಂತೆ ಟಿಕೆಟ್ ಮಾಡಿಸಲಿ, ಬಡಾವಣೆಯ ಸಣ್ಣ ಹೋಟೆಲಿನಲ್ಲೇ ಉಣ್ಣಲಿ, ಬೆಟ್ಟದ ಮೇಲಿನ ಮನೆಗಳ ಕಿಟಕಿಗೆ ಕ್ಯಾಮೆರಾ ತಿರುಗಿಸದಿರಲಿ, ಹಣ್ಣಿನವಳ ಹತ್ತಿರ ಚೌಕಾಸಿ ಬೇಡ. ‘ಉಚಿತ’ ಎಂದು ಬೋರ್ಡು ಹಾಕಿರುವ ನಡಿಗೆ ಪ್ರವಾಸಗಳಿಗೆ ಸೇರಿದರೆ ಕೊನೆಯಲ್ಲಿ ಕೈಬಿಚ್ಚಿ ಕೊಡಲಿ. ಅಂಥ ಗೈಡ್‌ಗಳಿಗೆ ಸಾಮಾನ್ಯವಾಗಿ ಆ ಹಣವೇ ಆ ದಿನದ ಸಂಪಾದನೆ.