ಮನೆವಾರ್ತೆ: ನೀರಿನ ಬಾಟಲಿಗೂ ಪಾನೀಯದ ಡಬ್ಬಿಗೂ ಗವಸಣಿಗೆ

ಕಳೆದ ಮಾರ್ಚ್ ತಿಂಗಳಲ್ಲೊಂದು ದಿನ ನಮ್ಮ ಮನೆಯ ಬಾಲಕನು ಶಾಲೆಗೆ ಒಯ್ದ ನೀರಿನ ಬಾಟಲಿಯನ್ನು ತುಂಬಿದಂತೆಯೇ ಮರಳಿ ತಂದನು. ಏಕೆಂದು ಕೇಳಲು, "ನೀರು ಸುಡುತ್ತಿತ್ತು" ಎಂದನು. ಅವನ ತುಟಿಗಳು ಒಣಗಿದ್ದುವು, ತಲೆಯೂ ನೋಯುತ್ತಿದ್ದಿತು. ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ರಾಯಚೂರು ಸೀಮೆಯಲ್ಲಿ ಬೇಸಗೆಯ ಉಷ್ಣವು 40 ಡಿಗ್ರಿಯನ್ನು ಮೀರುವದು ವಿಶೇಷವಲ್ಲ. ಇಂಥ ಊರಿನಲ್ಲಿ ನೀರು ತುಂಬಿ ಕಳುಹಿದ ಮಾತ್ರಕ್ಕೆ ಮನೆಯವರ ಕೆಲಸವು ಮುಗಿಯಲಿಲ್ಲ; ಆ ನೀರು ಕುಡಿಯುವಂತಿರಬೇಕು. ಆದಕಾರಣ ಹಳೆಯ ಬಟ್ಟೆಯಿಂದ ಮನೆಯಲ್ಲಿಯೇ ಮಾಡತಕ್ಕ ಗವಸಣಿಗೆಯನ್ನು ಕುರಿತು ಈ ಸಲ ಬರೆಯುವೆವು.

ಗವಸಣಿಗೆಯಲ್ಲಿ ಎರಡು ಬಗೆ. ಒದ್ದೆಯದು ನೀರನ್ನು ತಣಿಸುವದು. ಒಣಗಿದ್ದು ತಣಿದುದನ್ನು ಕಾಯುವದು. ಈ ಭೇದವನ್ನು ಅರಿಯದಿದ್ದರೆ ಹೊಲಿದ ಶ್ರಮವು ವ್ಯರ್ಥವೇ ಸರಿ.

ಒದ್ದೆಯ ಬಗೆಯನ್ನು ಹಳ್ಳಿಯವರು ಬಹುಕಾಲದಿಂದ ಬಲ್ಲರು. ದೇವದುರ್ಗ, ಮಾನ್ವಿಗಳ ಕಡೆ ಹೊಲಕ್ಕೆ ಹೋಗುವವರು ಪ್ಲಾಸ್ಟಿಕ್ ಕ್ಯಾನಿಗೆ ಗೋಣಿತಟ್ಟನ್ನು ಸುತ್ತಿ ಹೊಲಿದು, ನೀರು ಚಿಮುಕಿಸಿ, ಮರದ ನೆರಳಿಗೆ ಇಡುವರು. ಬಟ್ಟೆಯ ನೀರು ಆರುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಂಡು ಹೋಗುವದು. ಎರಡು ಗ್ರಾಮಿಗೂ ಕಡಿಮೆ ನೀರು ಆವಿಯಾಗಲು ಬೇಕಾಗುವ ಶಾಖವು, ಒಂದು ಲೀಟರು ನೀರನ್ನು ಒಂದು ಡಿಗ್ರಿ ತಣಿಸುವಷ್ಟಿರುತ್ತದೆ. ನಮ್ಮ ಒಣ ಹವೆಯಲ್ಲಿ ಇದು ಚೆನ್ನಾಗಿ ನಡೆಯುವದು; ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟಾಗಿ ನಡೆಯದು.

ಮಾಡುವ ಕ್ರಮ: ಹಳೆಯ ಹತ್ತಿಯ ಧೋತರವನ್ನಾಗಲಿ ತೆಳುವಾದ ಗೋಣಿತಟ್ಟನ್ನಾಗಲಿ ತೆಗೆದುಕೊಂಡು, ಬಾಟಲಿಯ ಸುತ್ತಳತೆಯನ್ನು ದಾರದಿಂದ ಅಳೆದು, ಮೈಗೆ ಅಂಟಿಕೊಳ್ಳುವಂತೆ ಚೀಲ ಹೊಲಿಯಿರಿ. ತೂಗಹಾಕಲು ಒಂದು ಕುಣಿಕೆ ಇರಲಿ. ನೈಲಾನು ಬಟ್ಟೆ ಬೇಡ; ಅದು ನೀರನ್ನು ಹಿಡಿಯದು. ಸ್ಟೀಲಿನ ಬಾಟಲಿಯು ಬೇಗನೆ ತಣಿಯುವದು, ಪ್ಲಾಸ್ಟಿಕ್ಕಿನದು ತುಸು ತಡವಾಗಿ. ಎರಡು ಪದರಿನ ಥರ್ಮಾಸಿಗೆ ಇದರಿಂದ ಪ್ರಯೋಜನವಿಲ್ಲ.

ಮೊದಲ ದಿನ ನಾವೇ ತಪ್ಪಿದೆವು. ಒದ್ದೆಯ ಗವಸಣಿಗೆಯನ್ನು ತೊಡಿಸಿ ಬಾಟಲಿಯನ್ನು ಪಾಟಿಚೀಲದೊಳಗೆ ಇಟ್ಟುಕೊಟ್ಟೆವು. ಗಾಳಿಯಿಲ್ಲದೆ ನೀರು ತಣಿಯಲಿಲ್ಲ, ಪುಸ್ತಕಗಳು ಮಾತ್ರ ತೊಯ್ದುವು. ಮರುದಿನದಿಂದ ಬಾಲಕನು ಅದನ್ನು ಕಿಟಕಿಯ ಸರಳಿಗೆ, ಬಿಸಿಲು ತಾಗದಂತೆ, ತೂಗಹಾಕತೊಡಗಿದನು. ಬಾಟಲಿಯು ಬರಿದಾಗಿ ಮನೆಗೆ ಬಂದಿತು.

ಇನ್ನು ಫ್ರಿಜ್ಜಿನಿಂದ ತೆಗೆದ ಪಾನೀಯದ ಡಬ್ಬಿಯ ಮಾತು. ಅದಕ್ಕೆ ಒದ್ದೆ ಬಟ್ಟೆ ಸುತ್ತಿದರೆ ನಷ್ಟವೇ. ಏಕೆಂದರೆ ಒದ್ದೆ ಬಟ್ಟೆಗಿಂತ ಡಬ್ಬಿಯೇ ತಣ್ಣಗಿರುವದು. ಇಲ್ಲಿ ಬೇಕಾದುದು ಒಣ ಕೌದಿಯ ತುಂಡು. ಕೌದಿಯ ಪದರುಗಳ ನಡುವೆ ಸಿಕ್ಕ ಗಾಳಿಯು ಹೊರಗಿನ ಶಾಖವನ್ನು ತಡೆಯುವದು. 330 ಮಿಲಿಲೀಟರಿನ ಸಾಮಾನ್ಯ ಡಬ್ಬಿಯ ಸುತ್ತಳತೆ ಸುಮಾರು 21 ಸೆಂಟಿಮೀಟರು. ಹೊಲಿಗೆಗೂ ಕೌದಿಯ ದಪ್ಪಕ್ಕೂ ಸೇರಿಸಿ 25 ಸೆಂಟಿಮೀಟರು ಉದ್ದ, 12 ಸೆಂಟಿಮೀಟರು ಎತ್ತರದ ತುಂಡನ್ನು ಕತ್ತರಿಸಿ, ತಳಕ್ಕೆ 9 ಸೆಂಟಿಮೀಟರು ಅಡ್ಡಳತೆಯ ದುಂಡು ತುಂಡನ್ನು ದಪ್ಪ ಸೂಜಿಯಿಂದ ಹೊಲಿಯಿರಿ.

ಮಳೆಗಾಲದಲ್ಲಿಯೂ ಇದು ಉಪಯುಕ್ತವೇ. ಡಬ್ಬಿಯ ಮೈಮೇಲೆ ಗಾಳಿಯ ತೇವವು ಹನಿಗಟ್ಟುವಾಗ ಶಾಖವನ್ನು ಬಿಟ್ಟುಕೊಡುವದು. ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ದಪ್ಪ ಹನಿಗಟ್ಟಿದರೂ ಒಳಗಿನ ಪಾನೀಯವು ಸುಮಾರು 5 ಡಿಗ್ರಿ ಬೆಚ್ಚಗಾಗಬಲ್ಲದೆಂದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಗವಸಣಿಗೆಯು ಆ ಹನಿಗಳನ್ನು ಬಹುಮಟ್ಟಿಗೆ ತಡೆಯುವದು.

ಒದ್ದೆಯ ಗವಸಣಿಗೆಯನ್ನು ದಿನಾಲು ಒಗೆದು ಬಿಸಿಲಿಗೆ ಹಾಕತಕ್ಕದ್ದು; ಇಲ್ಲವಾದರೆ ಬೂಷ್ಟು ಹಿಡಿದು ನಾರುವದು. ಆದ್ದರಿಂದ ಎರಡನ್ನು ಹೊಲಿದಿಟ್ಟುಕೊಳ್ಳುವದು ಲೇಸು. ಮೂರನೆಯದಕ್ಕೂ ಬಟ್ಟೆ ಉಳಿದರೆ, ಬಿಸಿಲಿನಲ್ಲಿ ಕಾಯಿಪಲ್ಲೆ ಹೊತ್ತು ಬಾಗಿಲಿಗೆ ಬರುವ ಅವ್ವನಿಗೆ ಹೊಲಿದು ಕೊಡಿರಿ.