ಕಾಡಿನ ಬೆಂಕಿಯೂ ನಮ್ಮ ಪಂಪ್‌ಸೆಟ್ಟುಗಳೂ

ಕಾಡಿಗೆ ಬೆಂಕಿ ಬಿದ್ದಾಗಲೆಲ್ಲ ‘ಅರಣ್ಯ ಇಲಾಖೆಯವರು ಎಲ್ಲಿ ಹೋದರು?’ ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಕೇಳುವುದು ತಪ್ಪಲ್ಲ. ಆದರೆ ಬಂದವರ ಕೈಯಲ್ಲಿ ಏನಿರುತ್ತದೆ ಎಂಬುದನ್ನೂ ನೋಡಬೇಕು. ಜೀಪಿನ ದಾರಿ ಮುಗಿದಲ್ಲಿಂದ ನಡೆದೇ ಹೋಗುವ ಗಾರ್ಡು, ವಾಚರುಗಳು ಇಂದಿಗೂ ಎಷ್ಟೋ ಕಡೆ ಹಸಿ ಸೊಪ್ಪಿನಿಂದಲೇ ಬೆಂಕಿ ಬಡಿಯುತ್ತಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗ ವಾಯುಸೇನೆಯ ಹೆಲಿಕಾಪ್ಟರುಗಳು ನೀರು ಸುರಿದದ್ದು ಎಲ್ಲರಿಗೂ ನೆನಪಿದೆ. ಅದಕ್ಕೂ ಮೊದಲೇ ಸೊಪ್ಪು ಹಿಡಿದು ನಿಂತವರ ನೆನಪು ಕಡಿಮೆ. ಅದೇ ಬಂಡೀಪುರದಲ್ಲಿ 2017ರಲ್ಲಿ, ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ 2023ರಲ್ಲಿ, ಬೆಂಕಿ ಆರಿಸಲು ಹೋದ ಸಿಬ್ಬಂದಿಯಲ್ಲಿ ಒಬ್ಬೊಬ್ಬರು ಪ್ರಾಣ ಕಳೆದುಕೊಂಡರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27ನೇ ಕಲಮಿನಂತೆ ಅಭಯಾರಣ್ಯದೊಳಗಿನ ನಿವಾಸಿಗಳೂ ಬೆಂಕಿ ಆರಿಸಲು ಬದ್ಧರು. ಕಾಡಂಚಿನ ನಮಗೆ ಕಲಮು ಬೇಕೆ? ಬೆಂಕಿ ಸರ್ವೆ ಕಲ್ಲು ನೋಡಿ ನಿಲ್ಲುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹಾಯಿಸಲು ಪಂಪ್‌ಸೆಟ್, ಪೈಪು, ಸ್ಪ್ರಿಂಕ್ಲರುಗಳು ತೋಟದಲ್ಲೇ ಇರುತ್ತವೆ. ಕಾಡು ಉರಿಯುವುದೂ ಆಗಲೇ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ: ಕಾಡಿನ ಕಡೆಯ ಬೇಲಿಯುದ್ದಕ್ಕೂ ತರಗು ಗುಡಿಸಿಡಿ. ಕೆರೆಯನ್ನು ಪೂರ್ತಿ ಬರಿದು ಮಾಡಬೇಡಿ. ಹೊಗೆ ಕಂಡೊಡನೆ ರೇಂಜ್ ಆಫೀಸಿಗೆ ತಿಳಿಸಿ, ಪಿಕಪ್ಪನ್ನೂ ದಾರಿ ಬಲ್ಲ ಒಬ್ಬರನ್ನೂ ಜೊತೆಗೆ ಕೊಡಿ. ತರಬೇತಿಯಿಲ್ಲದ ಆಳುಗಳನ್ನು ಮಾತ್ರ ಬೆಂಕಿಯೆದುರು ನಿಲ್ಲಿಸಬೇಡಿ.

ಸರ್ಕಾರಕ್ಕೂ ಒಂದು ಮಾತು. ದಿನಗೂಲಿ ವಾಚರಿಗೂ ಬೂಟು, ಬೆಂಕಿ ತಡೆಯುವ ಉಡುಪು, ವಿಮೆ ಇವೆಲ್ಲ ಬೇಸಿಗೆಗೆ ಮೊದಲೇ ಸಿಗಬೇಕು. ಕಾಡು ಕಾಯುವವರು ಸಂಜೆ ಕ್ಷೇಮವಾಗಿ ಮನೆ ಸೇರಿದರೆ ತಾನೆ ನಮ್ಮ ತೋಟಗಳಿಗೂ ನೆಮ್ಮದಿ?