ವಿಮೆಯ ಕಂತು: ಕಡಿವಾಣ ಬಿಗಿಯಾಗಲಿ

ಅರವತ್ತು ದಾಟಿದವರ ಆರೋಗ್ಯ ವಿಮೆಯ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲು ತನ್ನೊಂದಿಗೆ ಸಮಾಲೋಚಿಸಬೇಕು ಎಂದು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2025ರ ಜನವರಿಯಲ್ಲಿ ಕಂಪನಿಗಳಿಗೆ ತಾಕೀತು ಮಾಡಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿಯೂ ರದ್ದಾಯಿತು. ಎರಡೂ ಸ್ವಾಗತಾರ್ಹ ಕ್ರಮಗಳೇ. ಆದರೆ ಇಷ್ಟಕ್ಕೇ ತೃಪ್ತಿಪಡುವಂತಿಲ್ಲ.

ವರ್ಷಕ್ಕೆ ಶೇ 10ರಂತೆ ಏರಿದರೂ ಎಂಟು ವರ್ಷಗಳಲ್ಲಿ ಕಂತು ದುಪ್ಪಟ್ಟನ್ನು ಮೀರುತ್ತದೆ. ಠೇವಣಿಯ ಬಡ್ಡಿಯನ್ನೇ ನಂಬಿದ ನಿವೃತ್ತರ ಆದಾಯ ಆ ವೇಗದಲ್ಲಿ ಬೆಳೆಯದು. ಆರೋಗ್ಯವಂತರಾಗಿದ್ದಾಗ ದಶಕಗಳ ಕಾಲ ಕಂತು ಕಟ್ಟಿದವರು ಕಾಯಿಲೆಯ ವಯಸ್ಸಿನಲ್ಲಿ ಪಾಲಿಸಿ ಕೈಬಿಡಬೇಕಾಗಿ ಬಂದರೆ ಅದು ವಿಮೆಯ ಮೂಲ ಆಶಯಕ್ಕೇ ವಿರುದ್ಧ. ಮತ್ತೆ ಹೊಸ ಪಾಲಿಸಿ ಕೊಂಡರೆ, ಈಗಾಗಲೇ ಇರುವ ಕಾಯಿಲೆಗಳ ಪರಿಹಾರಕ್ಕೆ ಮೂರು ವರ್ಷಗಳವರೆಗೂ ಕಾಯಬೇಕಾಗಬಹುದು. ಇನ್ನು, ಅರವತ್ತು ತುಂಬದವರಿಗೆ ಪ್ರಾಧಿಕಾರದ ಈ ಸೂಚನೆ ಅನ್ವಯಿಸುವುದೇ ಇಲ್ಲ.

ಚಿಕಿತ್ಸಾ ವೆಚ್ಚ ಏರುತ್ತಿದೆ ಎಂಬ ಕಂಪನಿಗಳ ವಾದ ಪೂರ್ತಿ ಸುಳ್ಳಲ್ಲ. ಆಸ್ಪತ್ರೆಗಳ ದರವನ್ನು ಹಾಗೆಯೇ ಬಿಟ್ಟು ಕಂತಿಗೆ ಮಾತ್ರ ಲಗಾಮು ಹಾಕಿದರೆ ಪರಿಹಾರ ನಿರಾಕರಣೆ ಹೆಚ್ಚುವ ಅಪಾಯವಿದೆ. ಆದ್ದರಿಂದ ಆಸ್ಪತ್ರೆ ದರಗಳ ಮೇಲೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನಿಗಾ ಇಡಬೇಕು. ಏರಿಕೆಯ ಪ್ರಸ್ತಾವವನ್ನು, ಸಂಗ್ರಹಿಸಿದ ಕಂತು ಹಾಗೂ ಪಾವತಿಸಿದ ಪರಿಹಾರದ ಲೆಕ್ಕದೊಂದಿಗೆ, ಪಾಲಿಸಿದಾರರ ಮುಂದಿಡುವುದು ಕಡ್ಡಾಯವಾಗಬೇಕು. ಕಂಪನಿ ಮತ್ತು ಪ್ರಾಧಿಕಾರದ ನಡುವಿನ ಸಮಾಲೋಚನೆ ಮುಚ್ಚಿದ ಬಾಗಿಲ ಹಿಂದಿನ ಶಾಸ್ತ್ರವಾಗಬಾರದು. ಹಣ ಕಟ್ಟುವವನಿಗೆ ಏರಿಕೆಯ ಕಾರಣ ತಿಳಿಯುವ ಹಕ್ಕಿದೆ.